ಹೆಸರಿನ ಬಳಿಕ ಬರುವ ಅಕ್ಷರಗಳು

ಈ ಸಂಚಿಕೆಯನ್ನು ಸಿದ್ಧಗೊಳಿಸುವ ಕಾರ್ಯಕ್ಕೆ ನಾವು ತೊಡಗಿದಾಗ ಮೊತ್ತಮೊದಲಿಗೆ ಎದುರಾದ ತೊಡಕು ಲೇಖನಗಳದ್ದಲ್ಲ, ಜಾಹೀರಾತಿನದ್ದೂ ಅಲ್ಲ, ಹೆಸರುಗಳದ್ದು. ಸ್ವಾಗತ ಸಮಿತಿಯವರ ನಾಮಾವಳಿಯನ್ನು ಅಚ್ಚುಕೂಟಕ್ಕೆ ಕಳುಹಿಸಬೇಕಾಗಿತ್ತು. ಒಬ್ಬರು ತಮ್ಮ ಹೆಸರನ್ನು ಬರಿದೆ ಬರೆದು ಕೊಟ್ಟಿದ್ದರು. ಇನ್ನೊಬ್ಬರು ಹೆಸರಿನ ಬಳಿಕ ನಾಲ್ಕು ಪದವಿಗಳನ್ನೂ ಎರಡು ಸಂಘಗಳ ಸದಸ್ಯತ್ವವನ್ನೂ ಸಾಲಾಗಿ ಇರಿಸಿದ್ದರು. ಎಲ್ಲರ ಪದವಿಗಳನ್ನೂ ಮುದ್ರಿಸತಕ್ಕದ್ದೆಂದು ಕೆಲವರೂ, ಯಾರದ್ದನ್ನೂ ಮುದ್ರಿಸಕೂಡದೆಂದು ಕೆಲವರೂ ವಾದಿಸಿದರು. ಸಭೆ ಮುಗಿಯುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ನನ್ನ ಹೆಸರಿಗೆ ಏನೂ ಬೇಡ. ಆದರೆ ನಮ್ಮ ತೀರ್ಥರೂಪರ ಹೆಸರನ್ನು ಸ್ಮರಣೆಯ ಪುಟದಲ್ಲಿ ಹಾಕುವಿರಲ್ಲವೆ, ಅಲ್ಲಿ ವಿದ್ವಾನ್ ಎಂಬ ಮಾತನ್ನು ಬಿಡಬೇಡಿ. ಹಗಲು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಇರುಳು ಚಿಮಿಣಿಯ ಬೆಳಕಿನಲ್ಲಿ ಓದಿ, ಮದ್ರಾಸು ವಿಶ್ವವಿದ್ಯಾನಿಲಯದ ಆ ಪರೀಕ್ಷೆಯನ್ನು ಅವರು ಗೆದ್ದಿದ್ದರು” ಎಂದರು. ಸಭೆ ಮೌನವಾಯಿತು. ನಮ್ಮೊಳಗೆ ಅತ್ಯಂತ ಗಟ್ಟಿಯಾಗಿ ವಾದಿಸಿದವರಿಗೂ ಈ ವಿಷಯ ನಾವು ತಿಳಿದುದಕ್ಕಿಂತ ಆಳವಾದುದೆಂದು ಆಗ ತೋರಿತು.

ಹೆಸರಿನ ಬಳಿಕ ಅಕ್ಷರಗಳನ್ನು ಇಡುವ ರೂಢಿ ನಮ್ಮಲ್ಲಿ ಎಂದು ಬಂದಿತು, ಏತಕ್ಕಾಗಿ ಬಂದಿತು, ಎಲ್ಲಿ ಅದು ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ವಾಚಕರೊಡನೆ ಕೂಡಿ ವಿಚಾರಿಸುವ ಮನಸ್ಸಾಗಿ ಈ ಬರಹವನ್ನು ಬರೆಯುತ್ತಿದ್ದೇವೆ.

ಬಿರುದುಗಳ ಹಂಬಲ ನಮಗೆ ಆಂಗ್ಲರಿಂದ ಬಂದುದಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಪೊನ್ನನು ಉಭಯಕವಿಚಕ್ರವರ್ತಿಯೆನಿಸಿದನು. ರನ್ನನೂ ಜನ್ನನೂ ಕವಿಚಕ್ರವರ್ತಿಗಳೆನಿಸಿದರು. ನಮ್ಮ ಅರಸರ ಶಾಸನಗಳಲ್ಲಿ ಹೆಸರು ಬರುವುದಕ್ಕೆ ಮುಂಚೆ ಬಿರುದಾವಳಿಯೇ ಹತ್ತು ಸಾಲು ನಡೆಯುವುದುಂಟು. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಅರಸರಿಗಿಂತಲೂ ಕಲ್ಲುಕುಟಿಗರೇ ಹೆಚ್ಚು ಹತ್ತಿರದವರು. ಪಟ್ಟದಕಲ್ಲಿನಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಗಾಗಿ 8ನೆಯ ಶತಮಾನದಲ್ಲಿ ಎದ್ದ ದೇಗುಲವು ಇಂದು ವಿರೂಪಾಕ್ಷನದೆನಿಸಿಕೊಂಡಿದೆ. ಅದನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರಕಿತೆಂದು ಅಲ್ಲಿಯ ಶಾಸನ ಸಾರುತ್ತದೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿದ್ದಾರೆ. ಎದುರಾಳಿ ರೂವಾರಿಗಳ ಗರ್ವವನ್ನು ಮುರಿಯುವವರೆಂಬ ಬಿರುದುಗಳನ್ನೂ ಕೂಡಿಸಿಕೊಂಡಿದ್ದಾರೆ. ವಿನಯವಂತೂ ಅಲ್ಲಿ ಇಲ್ಲವೇ ಇಲ್ಲ! ಆದರೂ ನೋಡುವವನಿಗೆ ಅಸಹ್ಯವೆನಿಸುವುದಿಲ್ಲ. ಬಿರುದು ಕೆಳಗಿದೆ, ಮದನಿಕೆ ಮೇಲಿದ್ದಾಳೆ. ಹೇಳಿಕೊಂಡದ್ದು ಸಟೆಯೋ ದಿಟವೋ ಎಂದು ತಲೆಯೆತ್ತಿ ನೋಡಿದರೆ ತಿಳಿಯುತ್ತದೆ. ಬಿರುದನ್ನು ಹೇಳಿಕೊಂಡ ಜಾಗದಲ್ಲೇ ಅದರ ಪರೀಕ್ಷೆಯೂ ನಡೆಯುವಂತಿದ್ದ ಕಾಲವದು.

ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದ್ರಾಸು ಅಧಿಪತ್ಯದೊಳಗಿದ್ದ ದಿನಗಳಲ್ಲಿ ಗೌರವದ ಮಾತುಗಳೆಲ್ಲ ಹೆಸರಿನ ಮೊದಲಿಗೇ ಬರುತ್ತಿದ್ದವು. ಹಳೆಯ ಪತ್ರವ್ಯವಹಾರವನ್ನು ಕಂಡವರಿಗೆ ‘ಮ|| ರಾ|| ರಾ||’ ಎಂಬ ಸಂಕೇತದ ಪರಿಚಯವಿರಬಹುದು. ಮಹಾರಾಜ ರಾಜಶ್ರೀ ಎಂಬುದರ ಮೊಟಕು ರೂಪವದು. ಸರಕಾರದ ಕಾಗದಗಳಲ್ಲಿ ಗೃಹಸ್ಥರ ಹೆಸರಿಗೆಲ್ಲ ಇದನ್ನು ಹಚ್ಚುತ್ತಿದ್ದುದರಿಂದ ಮಹಾರಾಜನಾಗಲು ನಮ್ಮೂರಿನಲ್ಲಿ ಹೆಚ್ಚಿನ ಖರ್ಚೇನೂ ಬೀಳುತ್ತಿರಲಿಲ್ಲ. ಅದಕ್ಕಿಂತ ಮೇಲಿನವು ರಾವ್ ಸಾಹೇಬ್, ರಾವ್ ಬಹದ್ದೂರ್, ದಿವಾನ್ ಬಹದ್ದೂರ್ ಎಂಬ ಪದವಿಗಳು. ಮುಸಲ್ಮಾನ ಬಾಂಧವರಿಗೆ ಖಾನ್ ಬಹದ್ದೂರ್. ಇವೆಲ್ಲವೂ ದೊರೆತನದ ಪ್ರಸಾದಗಳು. ಪಡೆದವನು ಏನನ್ನು ಬಲ್ಲನೆಂಬುದನ್ನು ಇವು ತಿಳಿಸುತ್ತಿರಲಿಲ್ಲ, ಯಾರಿಗೆ ಬೇಕಾದವನೆಂಬುದನ್ನು ಮಾತ್ರ ತಿಳಿಸುತ್ತಿದ್ದವು.

ಹೆಸರಿನ ಬಳಿಕ ಬರುವ ಅಕ್ಷರಗಳ ಕಥೆ ಬೇರೆ. 1857ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಮರುವರ್ಷವೇ ಮದ್ರಾಸಿನಿಂದ ಇಬ್ಬರು ಪದವೀಧರರು ಹೊರಬಂದರು; ಇಬ್ಬರೂ ಸಿಂಹಳದ್ವೀಪದ ಜಾಫ್ನಾದ ತಮಿಳರು. ಅರಸನ ಕೃಪೆಯಿಲ್ಲದೆ, ವಂಶದ ಹಂಗಿಲ್ಲದೆ, ಕಾಗದದ ಮೇಲೆ ಉತ್ತರ ಬರೆದು ಗಳಿಸಬಹುದಾದ ಗೌರವವೊಂದು ಹೀಗೆ ನಮ್ಮ ದೇಶಕ್ಕೆ ಬಂದಿತು. ಕಾಣಿಕೆ ಕೊಟ್ಟು ಪಡೆಯುವುದಲ್ಲವಾದ್ದರಿಂದ ಬಡವನ ಮಗನೂ ಇದಕ್ಕೆ ಆಸೆಪಡಬಹುದಾಗಿತ್ತು. ಬಿ.ಎ. ಎಂಬ ಎರಡಕ್ಷರಕ್ಕೆ ಆಗಿನವರು ತೋರಿಸುತ್ತಿದ್ದ ಭಕ್ತಿಯನ್ನು ಇಂದು ನಗುವವರು ಇದನ್ನು ನೆನೆಯಬೇಕು.

ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದುದು 1880ರಲ್ಲಿ; ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೆ ಮುಂಚೆ ಮದ್ರಾಸಿಗೆ ಹೋಗಿ ಓದುವುದೆಂದರೆ ಅಡಕೆಯ ತೋಟವೊಂದನ್ನು ಅಡವಿಡುವಷ್ಟು ದೊಡ್ಡ ಸಾಹಸ. ಮೆಟ್ರಿಕ್ಯುಲೇಶನ್, ಎಫ್.ಎ., ಬಿ.ಎ. ಎಂಬ ಮೆಟ್ಟಲುಗಳಲ್ಲಿ ಒಂದೊಂದಕ್ಕೂ ಒಂದೊಂದು ತರದ ಉದ್ಯೋಗದ ಬೆಲೆಯಿದ್ದುದರಿಂದ, ಮೇಲಿನ ಮೆಟ್ಟಲಿಗೆ ಕಾಲಿಟ್ಟು ಜಾರಿದವರೂ ಆ ಸಂಗತಿಯನ್ನು ಮುಚ್ಚಿಡದೆ ‘ಬಿ.ಎ. ಫೆಯಿಲ್’ ಎಂದು ಹೆಸರಿನ ಬಳಿಕ ಬರೆಯುತ್ತಿದ್ದರು. ಎಷ್ಟೋ ನಗೆಬರಹಗಳಿಗೆ ಇದು ವಸ್ತುವಾಗಿದೆ. ನಮಗಾದರೋ ಇದು ನಾಚಿಕೆಯ ಬರಹವಾಗಿ ತೋರುವುದಿಲ್ಲ. ತಾನು ಎಫ್.ಎ. ತೇರ್ಗಡೆಯಾಗಿ ಕಾಲೇಜಿನಲ್ಲಿ ಇನ್ನೆರಡು ವರುಷ ಓದಿದವನೆಂಬ ನಿಜವನ್ನೇ ಅವನು ಹೇಳುತ್ತಿದ್ದನು, ಸೋತೆನೆಂಬುದನ್ನೂ ಹೇಳುತ್ತಿದ್ದನು. ಓದಿದುದನ್ನು ಬರೆದು ಸೋತುದನ್ನು ಅಡಗಿಸುವ ಜಾಣರ ಮುಂದೆ ಆ ಗುಮಾಸ್ತನು ಪ್ರಾಮಾಣಿಕನಲ್ಲವೆ?

ಅಕ್ಷರಗಳಿಗೆ ಬೆಲೆ ಬಂದೊಡನೆ ಖೋಟಾ ನಾಣ್ಯವೂ ಚಲಾವಣೆಗೆ ಬಂದಿತು. ಎಲ್ಲಕ್ಕಿಂತ ಅಪಾಯಕರವಾದುದು ವೈದ್ಯವೃತ್ತಿಯ ಖೋಟಾ. ಬೊಂಬಾಯಿಯಲ್ಲಿ 1912ರಲ್ಲಿಯೂ ಮದ್ರಾಸಿನಲ್ಲಿ 1914ರಲ್ಲಿಯೂ ವೈದ್ಯರ ನೋಂದಣಿಗಾಗಿ ಶಾಸನಗಳಾದವು. 1916ರಲ್ಲಿ ಇಡಿಯ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವಂತೆ ವೈದ್ಯಕೀಯ ಪದವಿಗಳ ಶಾಸನವು ಹೊರಟಿತು. ಪಾಶ್ಚಾತ್ಯ ವೈದ್ಯಪದ್ಧತಿಯ ಪದವಿಗಳನ್ನು ಕೊಡುವ ಅಧಿಕಾರ ಯಾರಿಗಿದೆಯೆಂಬುದನ್ನು ಅದು ಗೊತ್ತುಪಡಿಸಿತು. ಇಲ್ಲದ ಪದವಿಯನ್ನು ಇದೆಯೆಂದು ತೋರಿಸುವಂತೆ ಹೆಸರಿಗೆ ಏನನ್ನಾದರೂ ಸೇರಿಸಿಕೊಂಡವನಿಗೆ 250 ರೂಪಾಯಿಯವರೆಗೂ, ಅದೇ ತಪ್ಪನ್ನು ಮರಳಿ ಮಾಡಿದರೆ 500 ರೂಪಾಯಿಯವರೆಗೂ ದಂಡವನ್ನು ವಿಧಿಸಿತು. ಅಂದಿನ ದಿನಗಳಲ್ಲಿ ಅದು ಸಣ್ಣ ಮೊತ್ತವಲ್ಲ.

ಅಕ್ಷರಗಳ ನಿಜವಾದ ಪ್ರಯೋಜನವೇನೆಂಬುದು ಈ ಶಾಸನದಿಂದ ಸ್ಪಷ್ಟವಾಗುತ್ತದೆ. ಇರುಳಿನಲ್ಲಿ ಜ್ವರದಿಂದ ನರಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಗುಡ್ಡದಾಚೆಯಿಂದ ಪೇಟೆಗೆ ಇಳಿದು ಬಂದವನಿಗೆ ವೈದ್ಯನ ಗುರುತಿಲ್ಲ. ವೈದ್ಯನ ವಿದ್ಯೆಯನ್ನು ಪರೀಕ್ಷಿಸುವ ವಿದ್ಯೆಯೂ ಅವನಿಗಿಲ್ಲ. ಅವನಿಗಿರುವುದು ಬಾಗಿಲಿನ ಮೇಲಿನ ಫಲಕವೊಂದೇ. ಆ ಫಲಕದ ಮೇಲೆ ಅಕ್ಷರಗಳು ಇರಲೇಬೇಕು. ಇಲ್ಲದಿದ್ದರೆ ಅದು ವಿನಯವಲ್ಲ, ಅನ್ಯಾಯ. ಗುರುತಿಲ್ಲದವನು ನಮ್ಮ ವಿದ್ಯೆಯನ್ನು ನಂಬಿ ತನ್ನ ಪ್ರಾಣವನ್ನೋ ಸೊತ್ತನ್ನೋ ಮಕ್ಕಳನ್ನೋ ಒಪ್ಪಿಸುವ ಕಡೆಯಲ್ಲಿ, ಆ ವಿದ್ಯೆಗೆ ಸಾಕ್ಷಿಯೇನೆಂದು ಬರೆದಿಡುವುದು ನಮ್ಮ ಸಾಲ. 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಹೊರಡಿಸಿದ ವೃತ್ತಿನಿಯಮಗಳಲ್ಲಿ ಈ ಎರಡು ಮುಖಗಳೂ ಕಾಣುತ್ತವೆ. ಔಷಧದ ಚೀಟಿಯಲ್ಲಿಯೂ ಪ್ರಮಾಣಪತ್ರದಲ್ಲಿಯೂ ಹಣದ ರಶೀದಿಯಲ್ಲಿಯೂ ನೋಂದಣಿ ಸಂಖ್ಯೆಯನ್ನು ಕಾಣಿಸಲೇಬೇಕೆಂದು ಅದು ಹೇಳಿತು. ಹೆಸರಿನ ಬಳಿಕ ಮಾನ್ಯವಾದ ವೈದ್ಯ ಪದವಿಗಳನ್ನೂ, ವೃತ್ತಿಯ ಜ್ಞಾನವನ್ನೋ ಸಾಧನೆಯನ್ನೋ ಸೂಚಿಸುವ ಸದಸ್ಯತ್ವ ಗೌರವಗಳನ್ನೂ ಮಾತ್ರ ಇಡತಕ್ಕದ್ದೆಂದೂ ಹೇಳಿತು.

ವಕೀಲರ ವಿಷಯದಲ್ಲಿ ಭಾರತೀಯ ವಕೀಲರ ಪರಿಷತ್ತಿನ ನಿಯಮ ಇನ್ನೂ ಬಿಗಿ. ನಾಮಫಲಕವು ಮಿತವಾದ ಅಳತೆಯದಾಗಿರಬೇಕು. ತಾನು ನ್ಯಾಯಾಧೀಶನಾಗಿದ್ದೆನೆಂದಾಗಲಿ, ವಕೀಲರ ಸಂಘದ ಅಧ್ಯಕ್ಷನೆಂದಾಗಲಿ, ಇಂಥ ತರದ ವ್ಯಾಜ್ಯದಲ್ಲಿ ನಿಪುಣನೆಂದಾಗಲಿ ಅದರಲ್ಲಿ ಬರೆಯಕೂಡದು. ವೈದ್ಯನು ಹೇಳಬೇಕಾದುದನ್ನು ವಕೀಲನು ಹೇಳಬಾರದೆ ಎಂದು ಯಾರಾದರೂ ಕೇಳಬಹುದು. ನ್ಯಾಯಸ್ಥಾನದಲ್ಲಿ ಗೆಲ್ಲಬೇಕಾದುದು ನ್ಯಾಯವೇ ಹೊರತು ಫಲಕವಲ್ಲವೆಂಬ ಆದರ್ಶ ಇದರ ಹಿಂದಿರುವಂತೆ ನಮಗೆ ತೋರುತ್ತದೆ. ಆದರ್ಶವು ನಡೆಯಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಪೇಟೆಯ ಬೀದಿಯಲ್ಲಿ ಒಂದು ಸುತ್ತು ಬಂದವರೇ ಹೇಳಬೇಕು.

ದೊರೆತನದ ಬಿರುದುಗಳ ಗತಿಯೇನಾಯಿತು? 1920ರಲ್ಲಿ ಗಾಂಧೀಜಿಯವರು ತಮ್ಮ ಕೈಸರ್-ಇ-ಹಿಂದ್ ಪದಕವನ್ನು ಮರಳಿಸಿದರು. ಬಿರುದುಗಳನ್ನು ತ್ಯಜಿಸುವುದು ಅಸಹಕಾರದ ಅಂಗವೇ ಆಯಿತು. ಅದೇ ಕರೆಗೆ ಓಗೊಟ್ಟು ಮಂಗಳೂರಿನ ಕಾರ್ನಾಡು ಸದಾಶಿವರಾಯರು ವಕೀಲಿಯನ್ನು ತೊರೆದರು. ಕೋಟದ ತರುಣ ಶಿವರಾಮ ಕಾರಂತರು ಕಾಲೇಜನ್ನು ತೊರೆದರು. ಮುಂದೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 18ನೆಯ ಅನುಚ್ಛೇದವು ಸೈನಿಕ ಅಥವಾ ವಿದ್ಯಾಸಂಬಂಧವಾದ ಗೌರವವೊಂದನ್ನುಳಿದು ಬೇರೆ ಯಾವ ಬಿರುದನ್ನೂ ರಾಜ್ಯವು ಕೊಡಕೂಡದೆಂದು ವಿಧಿಸಿತು. ಅಂದರೆ ರಾವ್ ಬಹದ್ದೂರ್ ಅಳಿದರೂ ಬಿ.ಎ. ಉಳಿಯಿತು. 1954ರಲ್ಲಿ ಭಾರತರತ್ನ, ಪದ್ಮವಿಭೂಷಣ ಮೊದಲಾದ ಪುರಸ್ಕಾರಗಳು ಆರಂಭವಾದಾಗ ಇವು ಬಿರುದುಗಳಲ್ಲವೆ ಎಂಬ ಆಕ್ಷೇಪ ಎದ್ದಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇವು ಬಿರುದುಗಳಲ್ಲವೆಂದೂ, ಆದುದರಿಂದಲೇ ಇವನ್ನು ಹೆಸರಿನ ಮೊದಲಿಗಾಗಲಿ ಬಳಿಕವಾಗಲಿ ಹಚ್ಚಿಕೊಳ್ಳಬಾರದೆಂದೂ ತೀರ್ಪಿತ್ತಿತು. ಆದರೂ ನಮ್ಮ ಉತ್ಸವಗಳ ಕರೆಯೋಲೆಗಳಲ್ಲಿ ‘ಪದ್ಮಶ್ರೀ’ ಎಂಬುದು ಹೆಸರಿನ ಮೊದಲಿಗೇ ಕುಳಿತಿರುತ್ತದೆ. ಹಾಗೆ ಮಾಡುವುದು ಪಡೆದವರಲ್ಲ, ಕರೆದವರು. ನಮ್ಮ ಸಂಘವೂ ಈ ತಪ್ಪನ್ನು ಮಾಡಿದೆಯೆಂದು ಹಳೆಯ ಕರಪತ್ರಗಳನ್ನು ತಿರುವಿದಾಗ ಕಂಡುಕೊಂಡೆವು.

ಗೌರವ ಡಾಕ್ಟರೇಟಿನ ಪ್ರಶ್ನೆಯೂ ಇಂತಹುದೇ. ಓದಿ ಬರೆದು ಗಳಿಸಿದ ಪದವಿಯೂ, ಸಾಧನೆಗೆ ಮೆಚ್ಚಿ ಕೊಟ್ಟ ಪದವಿಯೂ ಒಂದೇ ಅಲ್ಲವಾದುದರಿಂದ ಎರಡನೆಯದನ್ನು ಹೆಸರಿನ ಮೊದಲಿಗೆ ಹಾಕಿಕೊಳ್ಳದಿರುವುದು ವಿದ್ವಾಂಸರ ಮರ್ಯಾದೆ. ಆದರೆ 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವಿಸಿದ ಬಳಿಕ ರಾಜ್‌ಕುಮಾರರನ್ನು ‘ಡಾಕ್ಟರ್’ ಬಿಟ್ಟು ಕರೆದ ಕನ್ನಡಿಗರುಂಟೆ! ಜನರ ಪ್ರೀತಿಗೆ ವ್ಯಾಕರಣ ಹಿಡಿಸದು. ನಾವೂ ಹಿಡಿಸಲು ಹೋಗುವುದಿಲ್ಲ.

ಗ್ರಂಥಗಳ ಮುಖಪುಟದ ಕಡೆಗೆ ಬರೋಣ. ಹೆಸರಿನ ಬಳಿಕ ಏನನ್ನು ಬರೆಯಬೇಕೆಂಬುದನ್ನು ಬರೆದವನೇ ನಿರ್ಧರಿಸುವ ಜಾಗವದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚಿಸಿದ ಕನ್ನಡ ಇಂಗ್ಲಿಷ್ ನಿಘಂಟಿನ ಮುಖಪುಟದಲ್ಲಿ ಕಿಟ್ಟೆಲರ ಹೆಸರಿನ ಬಳಿಕ ಇರುವುದು ಬಿ.ಜಿ.ಇ.ಎಂ. ಎಂಬ ನಾಲ್ಕಕ್ಷರ. ಅದು ಯಾವ ಪದವಿಯೂ ಅಲ್ಲ. ಬಾಸೆಲಿನ ಜರ್ಮನ್ ಇವಾಂಜೆಲಿಕಲ್ ಮಿಷನ್ ಎಂಬ, ತಾವು ಸೇರಿದ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ನಾನು ಯಾರವನು, ಯಾರು ನನ್ನನ್ನು ಕಳುಹಿದರು ಎಂದಷ್ಟೇ ಅವರು ಹೇಳಿಕೊಂಡರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತುದು 1896ರಲ್ಲಿ, ನಿಘಂಟು ಹೊರಬಂದ ಮೇಲೆ. ನಿಘಂಟಿನಿಂದ ಪದವಿ ಬಂದಿತೇ ಹೊರತು ಪದವಿಯಿಂದ ನಿಘಂಟು ಬರಲಿಲ್ಲ.

ನಮ್ಮ ಮಂಜೇಶ್ವರದ ಗೋವಿಂದ ಪೈಗಳ ಉದಾಹರಣೆ ಇನ್ನೂ ಹತ್ತಿರದ್ದು. 1883ರಲ್ಲಿ ಹುಟ್ಟಿದ ಅವರು ಬಿ.ಎ. ಓದಲು ಮದ್ರಾಸಿಗೆ ತೆರಳಿದವರು. ತಂದೆಯವರು ತೀರಿಕೊಂಡುದರಿಂದ ಪದವಿಯನ್ನು ಪೂರ್ತಿಗೊಳಿಸದೆ ಊರಿಗೆ ಮರಳಬೇಕಾಯಿತು. ಮರಳಿದವರು ಮನೆಯಲ್ಲಿಯೇ ಪುಸ್ತಕಗಳ ರಾಶಿಯ ನಡುವೆ ಕುಳಿತು ಹಲವು ಭಾಷೆಗಳನ್ನು ಕಲಿತರು. ಗಿಳಿವಿಂಡು, ಗೊಲ್ಗೊಥಾ, ವೈಶಾಖಿ ಎಂಬ ಕಾವ್ಯಗಳನ್ನಿತ್ತರು. ಕರ್ನಾಟಕದ ಇತಿಹಾಸದ ಕಾಲನಿರ್ಣಯಕ್ಕಾಗಿ ದುಡಿದರು. 1949ರಲ್ಲಿ ಮದ್ರಾಸು ಸರಕಾರವು ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಹೆಸರಿನ ಬಳಿಕ ಎರಡಕ್ಷರವನ್ನು ಹಾಕುವ ಹಕ್ಕಿಲ್ಲದವರ ಹೆಸರನ್ನೇ ಇಂದು ಮಂಜೇಶ್ವರದ ಸರಕಾರಿ ಕಾಲೇಜು ಹೊತ್ತಿದೆ. ಅಲ್ಲಿಂದ ಪ್ರತಿವರ್ಷ ಪದವೀಧರರು ಹೊರಬರುತ್ತಿದ್ದಾರೆ. ಮೆಟ್ರಿಕ್ಯುಲೇಶನ್ ದಾಟದ ಡಿ.ವಿ. ಗುಂಡಪ್ಪನವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಡಿ.ಲಿಟ್. ಪದವಿಯನ್ನಿತ್ತಿತು. ಆದರೂ ನಮ್ಮ ಬಾಯಿಯಲ್ಲಿ ಉಳಿದ ಮೂರಕ್ಷರ ಡಿ.ವಿ.ಜಿ. ಎಂಬುದೇ. ಇನ್ನು ಯಕ್ಷಗಾನದವರ ಮಾತಂತೂ ಹೇಳಬೇಕಾಗಿಲ್ಲ. ಶೇಣಿ, ಕುಂಬ್ಳೆ ಎಂದು ಊರಿನ ಹೆಸರೊಂದು ಮೊದಲಿಗೆ ಬಂದರೆ ಸಾಕು, ಬಳಿಕ ಏನೂ ಬೇಕಾಗಲಿಲ್ಲ.

ಹೀಗೆಂದು, ದೊಡ್ಡವರು ಪದವಿಯಿಲ್ಲದೆಯೇ ದೊಡ್ಡವರಾದರು, ಆದುದರಿಂದ ಪದವಿ ಬೇಡವೆಂದು ಗಡಿನಾಡಿನ ತಂದೆತಾಯಿಗಳಿಗೆ ಯಾರಾದರೂ ಹೇಳಿದರೆ ಅದಕ್ಕಿಂತ ಕ್ರೂರವಾದ ಉಪದೇಶ ಇನ್ನೊಂದಿಲ್ಲ. ಪದವಿಯ ಬಳಿಕ ಆವರಣದೊಳಗೆ ವಿಶ್ವವಿದ್ಯಾನಿಲಯದ ಹೆಸರನ್ನು ಬರೆಯುವ ಹಳೆಯ ಪದ್ಧತಿಯೊಂದುಂಟು: ಬಿ.ಎ. (ಮದ್ರಾಸ್), ಬಿ.ಎ. (ಆಕ್ಸನ್). ವಿಲಾಯತಿಗೆ ಹೋಗಿ ಬಂದವರಿಗೆ ಅದು ಸೊಬಗು. ನಮಗೆ ಅದು ತಾಪತ್ರಯ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದ ಮೇಲೆ, ಒಂದೇ ಮನೆಯಲ್ಲಿ ಅಜ್ಜನ ಪದವಿ ಮದ್ರಾಸಿನದು, ತಂದೆಯದು ಕಲ್ಲಿಕೋಟೆಯದು, ಮಕ್ಕಳಲ್ಲಿ ಒಬ್ಬರದು ಕಣ್ಣೂರಿನದು, ಇನ್ನೊಬ್ಬರದು ಮಂಗಳೂರಿನದು. ಕಾಸರಗೋಡಿನಿಂದ ಮಂಗಳೂರಿಗೆ ಇರುವ ದಾರಿ ಸುಮಾರು 50 ಕಿಲೋಮೀಟರು. ಆದರೆ ಅಲ್ಲಿ ಗಳಿಸಿದ ಪದವಿಯನ್ನು ಹಿಡಿದು ಇಲ್ಲಿಯ ಸರಕಾರಿ ಉದ್ಯೋಗಕ್ಕೆ ಹೋದರೆ ತತ್ಸಮಾನತೆಯ ಪ್ರಮಾಣಪತ್ರವನ್ನು ತರುವಂತೆ ಕೇಳುತ್ತಾರೆ. ನಮ್ಮ ಮಕ್ಕಳು ಅರ್ಜಿಯಲ್ಲಿ ಆವರಣದೊಳಗಿನ ಹೆಸರನ್ನು ಮರೆಯದೆ ಬರೆಯಬೇಕಾದುದು ಆದುದರಿಂದಲೇ. ಪದವಿಯನ್ನು ಎಲ್ಲಿ, ಯಾವ ವರುಷ, ಯಾವ ವಿಷಯದಲ್ಲಿ ಪಡೆದೆವೆಂಬುದನ್ನು ಪೂರ್ತಿಯಾಗಿ ಬರೆಯತಕ್ಕ ಸ್ಥಳವೆಂದರೆ ಅರ್ಜಿ. ಅಲ್ಲಿ ಸಂಕೋಚಪಟ್ಟವರು ಕೆಟ್ಟರು.

ಇದಕ್ಕಿಂತಲೂ ನೋವಿನ ಸಂಗತಿಯೊಂದನ್ನು ಹೇಳದೆ ಇರಲಾರೆವು. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲವನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಹೀಗಿದ್ದೂ ನಮ್ಮ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವನ್ನರಿಯದ ಅಧ್ಯಾಪಕರು ನೇಮಕಗೊಂಡು ಬಂದುದೂ, ಮಕ್ಕಳೂ ತಂದೆತಾಯಿಗಳೂ ಶಾಲೆಯ ಬಾಗಿಲಲ್ಲಿ ನಿಂತು ಪ್ರತಿಭಟಿಸಿದುದೂ ಈಚಿನ ವರ್ಷಗಳಲ್ಲಿ ನಾವೆಲ್ಲ ಕಂಡ ಸಂಗತಿಗಳು. ಹಾಗೆ ಬಂದವರು ಅಯೋಗ್ಯರಲ್ಲ, ಎಂ.ಎಸ್‌ಸಿ.ಯೂ ಇದೆ, ಬಿ.ಎಡ್. ಕೂಡ ಇದೆ. ಮಕ್ಕಳಿಗೆ ಗಣಿತವನ್ನು ಹೇಳಿಕೊಡಲು ಬೇಕಾದ ಭಾಷೆಯೊಂದೇ ಇಲ್ಲ. ಅದು ಹೆಸರಿನ ಬಳಿಕ ಬರುವ ಅಕ್ಷರಗಳಲ್ಲಿ ಕಾಣುವುದೂ ಇಲ್ಲ. ಹಿಂದೆ ಮದ್ರಾಸು ವಿಶ್ವವಿದ್ಯಾನಿಲಯದ ವಿದ್ವಾನ್ ಪರೀಕ್ಷೆಗೂ, ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೂ ನಮ್ಮ ಅಧ್ಯಾಪಕರು ಏಕೆ ಅಷ್ಟೊಂದು ಶ್ರಮಪಟ್ಟು ಕುಳಿತರೆಂಬುದು ಈಗ ಅರ್ಥವಾಗುತ್ತದೆ. ಈತನು ಕನ್ನಡವನ್ನು ಬಲ್ಲನು ಎಂಬ ಒಂದು ವಾಕ್ಯವನ್ನು ಆ ಮಾತುಗಳು ಹೇಳುತ್ತಿದ್ದವು. ನಮ್ಮ ಮಕ್ಕಳನ್ನು ನಂಬಿ ಒಪ್ಪಿಸುವಾಗ ನಾವು ಕೇಳಬೇಕಾದ ಮೊದಲ ಅರ್ಹತೆ ಅದೇ ಆಗಿದೆ.

ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಚಾರಗಳನ್ನೆಲ್ಲ ಮಂಡಿಸಿದೆವು. ಒಂದಷ್ಟು ಹೊತ್ತು ಚರ್ಚೆಯಾಗಿ ಈ ರೀತಿ ನಿಶ್ಚಯವಾಯಿತು. ಸ್ವಾಗತ ಸಮಿತಿಯ ಪಟ್ಟಿಯಲ್ಲಿ ಹೆಸರು ಮತ್ತು ಊರು ಮಾತ್ರ. ಚಪ್ಪರ ಹಾಕಿಸುವುದಕ್ಕೂ ಊಟದ ವ್ಯವಸ್ಥೆಗೂ ಬಿ.ಇ., ಎಂ.ಟೆಕ್. ಬೇಕಾಗುವುದಿಲ್ಲ. ಉತ್ಸವದ ದಿನ ಉಚಿತ ವೈದ್ಯಕೀಯ ತಪಾಸಣೆ ನಡೆಸುವ ವೈದ್ಯರ ಹೆಸರಿನ ಬಳಿಕ ಅವರ ಪದವಿಗಳನ್ನೂ ನೋಂದಣಿ ಸಂಖ್ಯೆಯನ್ನೂ ಕೊಡಲಾಗಿದೆ. ರಜಾದಿನಗಳ ಕನ್ನಡ ತರಗತಿಗೆ ಪಾಠ ಹೇಳುವವರ ಅರ್ಹತೆಗಳನ್ನು, ತಂದೆತಾಯಿಗಳು ನೋಡಿ ತಿಳಿಯುವಂತೆ, ವಿವರವಾಗಿಯೇ ಮುದ್ರಿಸಲಾಗಿದೆ. ನಾಲ್ಕು ಪದವಿಗಳನ್ನೂ ಎರಡು ಸದಸ್ಯತ್ವಗಳನ್ನೂ ಬರೆದು ಕೊಟ್ಟಿದ್ದ ಮಹನೀಯರು ಸ್ವಲ್ಪ ಮುನಿಸಿಕೊಂಡರು. ಮರುದಿನ ಹೆಸರನ್ನು ಬರಿದೆ ಬರೆದು ಕಳುಹಿದರು, ವಂತಿಗೆಯನ್ನೂ ಕಳುಹಿದರು.

ಕೀರ್ತಿಶೇಷರಾದ ಅಧ್ಯಾಪಕರ ಸ್ಮರಣೆಯ ಪುಟದಲ್ಲಿ ವಿದ್ವಾನ್ ಎಂಬ ಮಾತು ಏಳು ಹೆಸರುಗಳ ಜೊತೆಗೆ ಬಂದಿದೆ. ಕರಡಚ್ಚನ್ನು ತಿದ್ದಲು ಆ ಹಿರಿಯ ಸದಸ್ಯರೇ ಬಂದಿದ್ದರು. ಉಳಿದ ಪುಟಗಳನ್ನು ನಮಗೆ ಬಿಟ್ಟು, ಆ ಒಂದು ಪುಟವನ್ನು ಎರಡು ಸಾರಿ ಓದಿದರು.